30/40 ಸೈಟು, ಎರೆ ಮಣ್ಣು, ನಾಲ್ಕು ಬೆಡ್‌ರೂಮ್: ಮನೆ ವಿಶಾಲ ಅನ್ನಿಸಬೇಕಾದ್ರೆ ಪ್ಲಾನ್ ಹೇಗಿರಬೇಕು?

ಶಾಮನೂರು_ಸೈಟು
ದಾವಣಗೆರೆ, ಶಾಮನೂರು ಕಡೆ 30/40 ಸೈಟು. ಪೂರ್ವಕ್ಕೆ ರಸ್ತೆ, ಉಳಿದ ಮೂರು ಕಡೆ ಸೈಟುಗಳು. ಮಣ್ಣು ಪೂರಾ ಎರೆ. ಮುಂದೆ 4 ಅಡಿ, ಹಿಂದೆ 3, ಎಡಬಲಕ್ಕೆ ಮೂರ್ಮೂರು ಬಿಟ್ಟರೆ ಕಟ್ಟೋಕೆ 24×33 ಉಳಿಯುತ್ತೆ. ಕೆಳಗೆ ಅಪ್ಪ-ಅಮ್ಮನಿಗೆ ಒಂದು ರೂಮು, ಮೇಲೆ ಮೂರು, ದೇವರ ಮನೆ, ಒಂದು ಕಾರು, ಸಂಪು, ಇಷ್ಟು ಬೇಕು. ಕೈಯಲ್ಲಿರೋ ಎರಡೂ ಡ್ರಾಯಿಂಗ್‌ನಲ್ಲಿ ಹಾಲ್ 10×13ಕ್ಕೇ ನಿಂತಿದೆ, ಮಹಡಿ ಮೇಲೆ ಉದ್ದಕ್ಕೂ ಕತ್ತಲೆ ಪ್ಯಾಸೇಜು. ಖರ್ಚು ಹೆಚ್ಚಿಸದೆ ಒಳಗೆ ಅಗಲ ಬರಿಸೋದು ಹೇಗೆ? ಗೊತ್ತಿದ್ದವರು ಅಳತೆ ಸಮೇತ ಹೇಳಿ.

ಎರೆಹೊಲ
ಹಾಲ್ ಆಮೇಲೆ ನೋಡೋಣ. ಎರೆ ಎಷ್ಟು ಅಡಿಗೆ ಮುಗಿಯುತ್ತೆ? ಗುಂಡಿ ತೋಡಿಸಿದ್ದೀರಾ?

ಶಾಮನೂರು_ಸೈಟು
ಇನ್ನೂ ಇಲ್ಲ. ಪಕ್ಕದ ಸೈಟಿನಲ್ಲಿ 7 ಅಡಿಗೆ ಮೊರಂ (ಗಟ್ಟಿ ಗರಸು ಮಣ್ಣು) ಸಿಕ್ಕಿದೆ.

ಎರೆಹೊಲ
ಪಕ್ಕದ ಸೈಟಿನ ಮಾತು ನಂಬಬೇಡ್ರಿ. ನಿಮ್ಮ ಸೈಟಿನಲ್ಲೇ ಎದುರುಬದುರು ಎರಡು ಮೂಲೆಯಲ್ಲಿ 10 ಅಡಿ ಗುಂಡಿ ತೋಡಿಸಿ ನೋಡ್ರಿ. 7-8 ಅಡಿಗೆ ಗಟ್ಟಿ ಮೊರಂ ಬಂದರೆ ಕಾಲಂ ಫುಟಿಂಗ್ (ಕಂಬದ ಬುಡದ ಅಗಲ ಕಾಂಕ್ರೀಟು) ಅದರ ಮೇಲೇ ಕೂರಲಿ. 12 ಅಡಿ ದಾಟಿದರೂ ಎರೆಯೇ ಇದ್ದರೆ ಅಂಡರ್‌ರೀಮ್ಡ್ ಪೈಲ್‌ಗೆ ಹೋಗೋದು ಲೇಸು. ಬುಡದಲ್ಲಿ ಬಲ್ಬಿನ ಹಾಗೆ ಅಗಲಿಸಿದ ಕಂಬ ಅದು. ಬಲ್ಬಿನ ವ್ಯಾಸ ಕಂಬದ ಎರಡೂವರೆ ಪಟ್ಟು, ಆಳ ಸಾಮಾನ್ಯವಾಗಿ 3.5 ಮೀಟರಿಗೆ ಕಮ್ಮಿ ಇರಲ್ಲ.

ಎರೆ ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತೆ. ಅದರ ಆಟ ಜಾಸ್ತಿ ಇರೋದು ಮೇಲಿನ ಕೆಲವು ಅಡಿಗಳಲ್ಲಿ. ಅದಕ್ಕೇ ಪ್ಲಿಂತ್ ಬೀಮು (ಗೋಡೆ ಬುಡದಲ್ಲಿ ಕಾಲಂಗಳನ್ನ ಕೂಡಿಸೋ ತೊಲೆ) ನೆಲಕ್ಕೆ ತಾಗಿ ಕೂರಬಾರದು, ಕೆಳಗೆ 3-4 ಇಂಚು ಖಾಲಿ ಬಿಡಬೇಕು. ಬೀಮಿನ ಶಟರಿಂಗ್ (ಕಾಂಕ್ರೀಟಿನ ಹಲಗೆ ಅಚ್ಚು) ಬಿಚ್ಚಿದ ಮೇಲೆ ಆ ಸಂದಿಗೆ ಮಣ್ಣು ಬೀಳದ ಹಾಗೆ ಎರಡೂ ಬದಿ ಕಡಪ ಕಲ್ಲು ನಿಲ್ಲಿಸಬೇಕು. ಇಲ್ಲಿ ಎಲ್ಲರೂ ತಪ್ಪೋದು ಬ್ಯಾಕ್‌ಫಿಲ್ಲಿಂಗ್‌ನಲ್ಲಿ. ಅಗೆದ ಎರೆಯನ್ನೇ ಪಾಯದ ಸುತ್ತ ವಾಪಸ್ ತುಂಬಿಬಿಡ್ತಾರೆ. ಫುಟಿಂಗ್ ಸರಿ ಇರುತ್ತೆ, ಎರಡು ಮಳೆಗಾಲ ಕಳೆದ ಮೇಲೆ ನೆಲದ ಟೈಲ್ಸ್ ಎದ್ದು ನಿಲ್ಲುತ್ತೆ, ಒಳಗಿನ ಬಾಗಿಲು ಚೌಕಟ್ಟಿಗೆ ಹಿಡಿಯೋಕೆ ಶುರುವಾಗುತ್ತೆ. ಮನೆ ಒಳಗಿನ ನೆಲದಲ್ಲಿ ಕನಿಷ್ಠ 2-3 ಅಡಿ ಎರೆ ತೆಗೆದು ಹೊರಗೆ ಹಾಕಿಸಿ, ಮೊರಂ ತುಂಬಿಸಿ. ಅದೂ ಒಂದೇ ಸಲಕ್ಕೆ ಟ್ರ್ಯಾಕ್ಟರಿನಿಂದ ಸುರಿಯೋದಲ್ಲ, 6 ಇಂಚಿನ ಪದರ ಹಾಕಿ, ನೀರು ಕೊಟ್ಟು, ದಮ್ಮಸು ಮಾಡಿ, ಆಮೇಲೆ ಮುಂದಿನ ಪದರ.

ದುರ್ಗದ_ಬಂಡೆ
ಎರಡು ಅಂತಸ್ತಿನ ಮನೆಗೆ ಇಷ್ಟೆಲ್ಲ ಯಾಕೆ? ಸೈಜುಗಲ್ಲಿನ ಪಾಯ, ಮೇಲೆ ಬೆಲ್ಟ್ ಬೀಮು, 9 ಇಂಚು ಗೋಡೆ. ಚಿತ್ರದುರ್ಗದಲ್ಲಿ ಎಷ್ಟೋ ಮನೆ ಹಂಗೇ ನಿಂತಿವೆ.

ಎರೆಹೊಲ
ದುರ್ಗದಲ್ಲಿ 3-4 ಅಡಿಗೇ ಗಟ್ಟಿ ನೆಲ, ಎಷ್ಟೋ ಕಡೆ ಬಂಡೆಯೇ ಸಿಗುತ್ತೆ, ಅಲ್ಲಿಗೆ ಅದು ಸರಿ. ಇಲ್ಲಿ ಸೈಜುಗಲ್ಲು 3 ಅಡಿಗೆ ನಿಲ್ಲಿಸಿದರೆ ಎರೆ ಅದನ್ನ ಎತ್ತಿ ಇಳಿಸುತ್ತೆ. ಗೋಡೆಗೆ ಮೂಲೆಯಿಂದ ಕಿಟಕಿಯತ್ತ ಓರೆಯಾಗಿ ಹೋಗುವ ಬಿರುಕು ನೋಡಿದ್ದೀರಲ್ಲ, ಅದರ ಮೂಲ ಇದೇ. 7 ಅಡಿ ಆಳಕ್ಕೆ ಮನೆ ಪೂರ್ತಿ ಕಲ್ಲು ಕಟ್ಟಿದರೆ ಕಾಲಂಗಿಂತ ಖರ್ಚು ಮೇಲೆ ಹೋಗುತ್ತೆ.

ನೀಲಿನಕ್ಷೆ
ಈಗ ಪ್ಲಾನಿಗೆ ಬರೋಣ. ಕಾಲಂ ಕಟ್ಟಡ ಅಂತ ಆದ ಮೇಲೆ ಹೊರಗೋಡೆ ಭಾರ ಹೊರಬೇಕಿಲ್ಲ. 9 ಇಂಚಾದರೆ ಒಳಗೆ ಸಿಗೋದು 22½×31½, ಅಂದ್ರೆ 709 ಚದರಡಿ. 6 ಇಂಚಾದರೆ 23×32, 736. ಒಂದು ಅಂತಸ್ತಿಗೆ 27 ಚದರಡಿ ಉಳಿತು, ಒಂದು ಬಾತ್‌ರೂಮಿನಷ್ಟು.

ಹಾಲ್ ಸಣ್ಣ ಆಗೋದು ಮೆಟ್ಟಿಲು ಮತ್ತು ಕಾರಿನಿಂದ. ಕಾರಿಗೆ 10×16 ಪೂರ್ತಿ ಮನೆ ಒಳಗೆ ತಗೊಂಡ್ರೆ 160 ಚದರಡಿ ಹೋಯ್ತು. ಮುಂದೆ ಬಿಟ್ಟಿರೋ 4 ಅಡಿಯನ್ನೂ ಸೇರಿಸಿ ನಿಲ್ಲಿಸಿದರೆ ಒಳಗಿಂದ 12 ಅಡಿ ಸಾಕು. 4 ಮೀಟರ್ ಒಳಗಿನ ಕಾರು 13 ಅಡಿ ಚಿಲ್ಲರೆ ಉದ್ದ ಇರುತ್ತೆ, ಇನ್ನೂ ಓಡಾಡೋಕೆ ಜಾಗ ಉಳಿಯುತ್ತೆ.

ನನ್ನ ಲೆಕ್ಕ ಹೀಗಿದೆ, ಪೇಪರ್ ಮೇಲೆ ಗೆರೆ ಎಳೆದುಕೊಂಡು ಓದಿ. ಆಗ್ನೇಯದಲ್ಲಿ ಕಾರು ನಿಲ್ಲಿಸೋ ಪೋರ್ಚ್ 10×12. ಅದರ ಬೆನ್ನಿಗೇ ದಕ್ಷಿಣ ಗೋಡೆ ಕಡೆ ಮೆಟ್ಟಿಲು, 10 ಅಡಿ 6 ಇಂಚು × 6 ಅಡಿ 6 ಇಂಚು, ಹತ್ತೋದೂ ಇಳಿಯೋದೂ ಉತ್ತರದ ತುದಿಯಿಂದ. ಮೆಟ್ಟಿಲಿನ ಹಿಂದೆ ನೈಋತ್ಯಕ್ಕೆ ಹಿರಿಯರ ರೂಮು 10½×12½. ವಾಯವ್ಯಕ್ಕೆ ಅಡುಗೆಮನೆ 8×10. ರೂಮಿಗೂ ಅಡುಗೆಮನೆಗೂ ನಡುವೆ ಪಶ್ಚಿಮ ಗೋಡೆಗೆ 4×8 ಬಾತ್‌ರೂಮು, ಅದರ ಮುಂದೆ 4×4½ ಪುಟ್ಟ ಅಂಕಣ. ರೂಮಿನ ಬಾಗಿಲು, ಬಾತ್‌ರೂಮಿನ ಬಾಗಿಲು ಎರಡೂ ಅಲ್ಲಿಗೇ ತೆರೆಯುತ್ತವೆ, ಊಟದ ಮೇಜಿಗೆ ಟಾಯ್ಲೆಟ್ ಬಾಗಿಲು ಕಾಣಲ್ಲ. ಉಳಿದ ಉತ್ತರದ ಪಟ್ಟಿ ಪೂರಾ ಹಾಲ್-ಡೈನಿಂಗ್, 12 ಅಡಿ ಅಗಲ, 21 ಅಡಿ ಉದ್ದ, ನಡುವೆ ಗೋಡೆ ಬೇಡ. ಮುಂಬಾಗಿಲಲ್ಲಿ ನಿಂತವರ ಕಣ್ಣು ನೇರ 21 ಅಡಿ ಹೋಗಬೇಕು, ವಿಶಾಲ ಅನ್ನಿಸೋದು ಅಲ್ಲಿಂದ.

ಮಹಡಿ ಮೇಲೆ ಮೆಟ್ಟಿಲು ಬಂದು ಸೇರೋದು ಮನೆಯ ನಡುಮಧ್ಯಕ್ಕೆ. ಪೋರ್ಚ್ ಮೇಲೆ ಒಂದು ರೂಮು, ಹಾಲ್‌ನ ಮುಂಭಾಗದ ಮೇಲೆ 12×12 ಒಂದು, ಹಿರಿಯರ ರೂಮಿನ ಮೇಲೆ ಇನ್ನೊಂದು. ಅಡುಗೆಮನೆ, ಬಾತ್‌ರೂಮಿನ ಮೇಲೆ ಎರಡು ಬಾತ್‌ರೂಮು, ಪೈಪು ನೇರ ಇಳಿಯುತ್ತೆ. ನಡುವೆ ಉಳಿಯೋ 12×9 ಮಕ್ಕಳು ಓದೋಕೆ, ಕೂರೋಕೆ. ಮೆಟ್ಟಿಲನ್ನ ಮನೆ ಮೂಲೆಗೆ ಇಟ್ಟಿರೋದಕ್ಕೇ ನಿಮ್ಮ ಡ್ರಾಯಿಂಗ್‌ನಲ್ಲಿ ಪ್ಯಾಸೇಜು ಬಂದಿದೆ. 15 ಅಡಿ ಉದ್ದ, 3½ ಅಡಿ ಅಗಲ ಅಂದ್ರೂ 52 ಚದರಡಿ ನಡೆದಾಡೋದಕ್ಕೇ ಹೋಯ್ತು.

ಹೊಸಿಲು
ಪೂರ್ವ ದಿಕ್ಕಿನ ಮನೆಗೆ ಅಡುಗೆಮನೆ ಆಗ್ನೇಯಕ್ಕೇ ಬರಬೇಕು. ಅಲ್ಲಿ ಕಾರು ನಿಲ್ಲಿಸಿ, ಒಲೆಯನ್ನ ವಾಯವ್ಯಕ್ಕೆ ತಗೊಂಡು ಹೋದ್ರೆ ಮನೆಯ ಹಿರಿಯರು ಒಪ್ಪಲ್ಲ.

ನೀಲಿನಕ್ಷೆ
ಆಗ್ನೇಯ ಆಗದಿದ್ದರೆ ವಾಯವ್ಯ ಅಂತ ವಾಸ್ತು ನೋಡುವವರೇ ಒಪ್ಪುತ್ತಾರೆ, ಒಲೆ ಮುಂದೆ ನಿಂತವರ ಮುಖ ಪೂರ್ವಕ್ಕಿದ್ದರೆ ಆಯ್ತು. ಅಳತೆ ನೋಡಿ. ಮುಂಭಾಗ ಒಳಗೆ 23 ಅಡಿ. ಅದರಲ್ಲಿ ಕಾರಿಗೆ 10, ಅಡುಗೆಮನೆಗೆ 8, ನಡುವಿನ ಗೋಡೆ ಕಳೆದರೆ ಉಳಿದ 4 ಅಡಿ ಚಿಲ್ಲರೆಯಲ್ಲಿ ಮುಂಬಾಗಿಲು. ಆಗ ಹಾಲ್ ಮನೆ ಹೊಟ್ಟೆಗೆ ಹೋಗಿ, ಪೂರ್ವದ ಬೆಳಕು ಅಡುಗೆಮನೆಗೂ ಕಾರಿಗೂ ಸಿಗುತ್ತೆ. ಹಾಲ್‌ನಲ್ಲಿ ಹಗಲಲ್ಲೂ ಲೈಟ್ ಹಾಕಬೇಕು.

ಹೊಸಿಲು
ಸರಿ, ಹಿರಿಯರ ರೂಮು ನೈಋತ್ಯ ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ. ದೇವರ ಮನೆ?

ನೀಲಿನಕ್ಷೆ
ಹಾಲ್‌ನ ಉತ್ತರ ಗೋಡೆಗೆ 4×4, ಪೂರ್ವಕ್ಕೆ ಮುಖ. ಬಾಗಿಲು ಜಾಲರಿಯದ್ದಿರಲಿ, ಮುಚ್ಚಿದಾಗಲೂ ಹಾಲ್ ತುಂಡಾದ ಹಾಗೆ ಕಾಣಬಾರದು.

ಬೇವಿನ_ನೆರಳು
ನೈಋತ್ಯದ ರೂಮು ಅಂದ್ರೆ ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು ಬಡಿಯೋ ರೂಮು. ಏಪ್ರಿಲ್‌ನಲ್ಲಿ ರಾತ್ರಿ 11ಕ್ಕೂ ಆ ಗೋಡೆ ಮುಟ್ಟಿದರೆ ಬಿಸಿ ಇರುತ್ತೆ. ಅಲ್ಲಿ ವಯಸ್ಸಾದವರನ್ನ ಮಲಗಿಸೋದು! ಅದಕ್ಕೂ ಮೇಲೆ 6 ಇಂಚಿನ ಗೋಡೆ ಅಂತೀರಿ. 27 ಚದರಡಿ ಆಸೆಗೆ ಮನೆ ಒಲೆ ಆಗಬಾರದು.

ನೀಲಿನಕ್ಷೆ
ಮಾತು ನಿಜ. ಪಶ್ಚಿಮದ ಗೋಡೆ ಒಂದನ್ನ ದಪ್ಪ ಮಾಡಿದರೆ ಹೋಗೋದು 6 ಚದರಡಿಗೂ ಕಮ್ಮಿ, ಉಳಿದ ಮೂರು ಕಡೆ 6 ಇಂಚೇ ಇರಲಿ. ಆ ರೂಮಿನ ಪಶ್ಚಿಮ ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್ ಉದ್ದಕ್ಕೂ ಬರಲಿ, ಬಿಸಿ ಅದಕ್ಕೆ ಬಡಿಯುತ್ತೆ. ಕಿಟಕಿ ದಕ್ಷಿಣಕ್ಕೆ ಇಡಿ, ಅದರ ಮೇಲೆ ನೆರಳಿಗೆ ಚಾಚೋ ಸಜ್ಜೆ 2 ಅಡಿ ಸಾಕು. ಪಶ್ಚಿಮಕ್ಕೆ ಸಜ್ಜೆ ಎಷ್ಟು ಚಾಚಿದರೂ 4 ಗಂಟೆ ಮೇಲೆ ಬಿಸಿಲು ಅದರ ಕೆಳಗಿಂದಲೇ ನುಗ್ಗುತ್ತೆ.

ವಾರ್ಡ್‌ರೋಬ್ ಹೋದ ಮೇಲೆ ರೂಮು 10½×10½ ಉಳಿಯುತ್ತೆ. 6 ಅಡಿ ಮಂಚ ಹಾಕಿದರೆ ಎರಡೂ ಬದಿ 2 ಅಡಿಗೆ ಮೋಸ ಇಲ್ಲ.

ತೂಕದಗುಂಡು
ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರೋ ಹಗುರ ಸಿಮೆಂಟ್ ಬ್ಲಾಕ್) 8 ಇಂಚಿನದ್ದು ಹಾಕಿದರೆ ಬಿಸಿ ಇನ್ನೂ ಕಮ್ಮಿ, ತೂಕವೂ ಹಗುರ. ಆದರೆ ಬ್ಲಾಕ್ ಗೋಡೆ ಕಾಲಂ-ಬೀಮಿಗೆ ಸೇರೋ ಜಾಗದಲ್ಲಿ ಕೋಳಿಜಾಲರಿ ಹೊಡೆದು ಪ್ಲಾಸ್ಟರ್ ಮಾಡದಿದ್ದರೆ ನೆಟ್ಟಗೆ ಗೆರೆ ಎಳೆದಂಗೆ ಬಿರುಕು ಬರುತ್ತೆ. ಮೇಸ್ತ್ರಿಗಳು ಇದನ್ನ ಬಿಟ್ಟೇಬಿಡ್ತಾರೆ, ನಿಂತು ಮಾಡಿಸಬೇಕು. ಇನ್ನೊಂದು, 6 ಇಂಚು ಗೋಡೆಗೆ 9×12 ಕಾಲಂ ಇಟ್ಟರೆ 3 ಇಂಚು ಹೊರಗೆ ಕಾಣುತ್ತೆ. ಅದನ್ನ ಹಾಲ್ ಕಡೆಗೆ ಬಿಡಬೇಡಿ, ಹೊರಗಡೆಗೋ ವಾರ್ಡ್‌ರೋಬ್ ಒಳಗೋ ಹೋಗೋ ಹಾಗೆ ಕಾಲಂ ಲೇಔಟ್ ಮೊದಲೇ ಗುರುತು ಮಾಡಿ.

ಬೆಣ್ಣೆನಗರಿ
ಮೆಟ್ಟಿಲಿನ ಕೆಳಗೆ ಒಂದು ಟಾಯ್ಲೆಟ್ ಹಾಕಿಸಿಬಿಡಿ, ಬಂದ ನೆಂಟರಿಗೆ ಆಗುತ್ತೆ. ಎಲ್ಲರೂ ಹಾಕ್ತಾರೆ.

ತೂಕದಗುಂಡು
ಎಲ್ಲರೂ ಹಾಕ್ತಾರೆ, ಎಲ್ಲರೂ ತಲೆ ಬಗ್ಗಿಸಿ ಹೋಗ್ತಾರೆ. ಲೆಕ್ಕ ಹಾಕಿ. ನೆಲದಿಂದ ನೆಲಕ್ಕೆ 10 ಅಡಿ 6 ಇಂಚು, ಅಂದ್ರೆ 126 ಇಂಚು. 20 ಮೆಟ್ಟಿಲಾದರೆ ಒಂದಕ್ಕೆ 6.3 ಇಂಚು ಎತ್ತರ, ಹಿರಿಯರಿಗೂ ಹಿತ. 10 ಮೆಟ್ಟಿಲು ಹತ್ತಿದ ಮೇಲೆ ಲ್ಯಾಂಡಿಂಗ್ (ತಿರುಗೋ ಕಟ್ಟೆ) ಬರುತ್ತೆ, ನೆಲದಿಂದ 5 ಅಡಿ 3 ಇಂಚಿಗೆ. ಸ್ಲ್ಯಾಬು 6 ಇಂಚು ಕಳೆದರೆ ಕೆಳಗೆ ಉಳಿಯೋದು 4 ಅಡಿ 9 ಇಂಚು. ಅದರಲ್ಲಿ ಟಾಯ್ಲೆಟ್ ಹೇಗೆ?

ಒಂದು ದಾರಿ ಇದೆ. ನೀಲಿನಕ್ಷೆ ಹೇಳಿದ ಪ್ಲಾನಲ್ಲಿ ಲ್ಯಾಂಡಿಂಗ್ ದಕ್ಷಿಣ ಗೋಡೆಗೆ ಬರುತ್ತೆ. ಪ್ಲಿಂತ್ (ಹೊರಗಿಗಿಂತ ಮನೆ ನೆಲದ ಎತ್ತರ) 2 ಅಡಿ ಇದ್ದರೆ, ಆ ಭಾಗದ ನೆಲ ಮಾತ್ರ ಹೊರಗಿನ ಮಟ್ಟಕ್ಕೆ ಇಳಿಸಿ, ಬಾಗಿಲು ದಕ್ಷಿಣದ 3 ಅಡಿ ಓಣಿಗೆ ಕೊಟ್ಟರೆ 6 ಅಡಿ 9 ಇಂಚು ಸಿಗುತ್ತೆ. ಕೆಲಸದವರಿಗೆ, ಹೊರಗಿಂದ ಬಂದವರಿಗೆ ಸಾಕು. ಆದರೆ ರಸ್ತೆಯ ಒಳಚರಂಡಿ ಚೇಂಬರ್ ಎಷ್ಟು ಆಳ ಇದೆ ಅಂತ ಮೊದಲು ಮುಚ್ಚಳ ತೆಗೆಸಿ ನೋಡಿ. 4 ಇಂಚು ಪೈಪಿಗೆ 40ಕ್ಕೆ 1 ಇಳಿಜಾರು ಅಂದ್ರೆ 25 ಅಡಿಗೆ ಏಳೂವರೆ ಇಂಚು ಇಳಿಯಬೇಕು. ಚೇಂಬರ್ ಮೇಲಿದ್ದರೆ ಮಳೆಗಾಲದಲ್ಲಿ ಕೊಳಚೆ ವಾಪಸ್ ಬರುತ್ತೆ. ಅಂಥ ಕಡೆ ಅಲ್ಲಿ ವಾಷಿಂಗ್ ಮಷೀನು, ಪಂಪು, ಪೊರಕೆ ಇಡೋ ಜಾಗ ಮಾಡ್ಕೊಳ್ಳಿ.

ಗಡಿಯಾರ_ಕಂಬ
ಪೋರ್ಚ್ ನೆಲ ಹೇಗೂ ಹಾಲ್‌ಗಿಂತ ಒಂದೂವರೆ ಅಡಿ ಕೆಳಗೆ ಇರುತ್ತೆ. ಅದರ ಮೇಲಿನ ರೂಮನ್ನ ಲ್ಯಾಂಡಿಂಗ್ ಮಟ್ಟಕ್ಕೇ ತಂದರೆ ಸ್ಪ್ಲಿಟ್ ಲೆವೆಲ್ ಮನೆ ಆಗುತ್ತಲ್ಲ? ನೋಡೋಕೆ ಅಗಲ, ಮೆಟ್ಟಿಲೂ ಕಮ್ಮಿ.

ತೂಕದಗುಂಡು
ಲ್ಯಾಂಡಿಂಗ್ 5 ಅಡಿ 3 ಇಂಚಿಗೆ ಇದ್ದರೆ ಪೋರ್ಚ್ ಒಳಗೆ 6 ಅಡಿ 3 ಇಂಚು ಎತ್ತರ ಅಷ್ಟೇ, ಬೀಮು ಇನ್ನೂ ಕೆಳಗೆ ಬರುತ್ತೆ. ಕಾರು ಒಳಗೆ ಹೋದೀತು, ಇಳಿದವರ ತಲೆಗೆ ಬೀಮು ಬಡಿಯುತ್ತೆ. ಅದಕ್ಕೆ ಮೊದಲ ಸಾಲು 13 ಮೆಟ್ಟಿಲು ಮಾಡಬೇಕು, ಆಗ ಮೆಟ್ಟಿಲಿನ ಜಾಗ 10½ ಅಡಿಯಿಂದ 13 ಅಡಿಗೆ ಹೋಗಿ ಹಾಲ್ ಒಳಗೆ ಎರಡೂವರೆ ಅಡಿ ಚಾಚುತ್ತೆ. ಜೊತೆಗೆ ಒಂದೇ ಕಾಲಂಗೆ ಎರಡು ಮಟ್ಟದಲ್ಲಿ ಬೀಮು, ಕಬ್ಬಿಣ ಜಾಸ್ತಿ, ಶಟರಿಂಗ್ ಎರಡು ಸಲ. ದೊಡ್ಡ ಸೈಟಿನಲ್ಲಿ ಚೆಂದ, 24 ಅಡಿ ಅಗಲದಲ್ಲಿ ಬೇಡ.

ಗಡಿಯಾರ_ಕಂಬ
ಹಾಗಾದ್ರೆ ಮಹಡಿ ಮೇಲೆ ಮೂರು ಅಡಿ ಚಾಚಿ ರೂಮು ದೊಡ್ಡದು ಮಾಡಬಹುದು. ಊರಲ್ಲಿ ಎಲ್ಲ ಕಡೆ ಕಾಣುತ್ತೆ.

ನೀಲಿನಕ್ಷೆ
ಕಾಣುತ್ತೆ ಅಂತ ಅದು ಸರಿ ಆಗಲ್ಲ. ಪಕ್ಕದ 3 ಅಡಿ ಬಿಡೋದು ಗಾಳಿ-ಬೆಳಕಿಗೆ. ನೀವೂ ಚಾಚಿ, ಪಕ್ಕದವರೂ ಚಾಚಿದರೆ ಎರಡು ಗೋಡೆ ಮುತ್ತಿಕ್ಕುತ್ತವೆ, ಕೆಳಗಿನ ಮನೆ ಬಾವಿ ಆಗುತ್ತೆ. ಪಾಲಿಕೆಗೆ ಕೊಟ್ಟ ನಕ್ಷೆಗೂ ಕಟ್ಟಿದ್ದಕ್ಕೂ ಹೊಂದದಿದ್ದರೆ ಮುಂದೆ ಮಾರೋವಾಗ, ಸಾಲ ತಗೊಳ್ಳೋವಾಗ ತೊಡಕು. ಸೆಟ್‌ಬ್ಯಾಕ್ (ಸುತ್ತ ಖಾಲಿ ಬಿಡೋ ಜಾಗ) ಲೆಕ್ಕವನ್ನ ನಿಮ್ಮ ಬಡಾವಣೆಗೆ ಅನ್ವಯಿಸೋ ನಿಯಮ ನೋಡಿಯೇ ಖಚಿತ ಮಾಡ್ಕೊಳ್ಳಿ. ರಸ್ತೆ ಕಡೆಗೆ ಒಂದು ಬಾಲ್ಕನಿ ನಿಯಮ ಬಿಟ್ಟಷ್ಟು ಹಾಕಿ, ಆದರೆ ಅದರ ಕಬ್ಬಿಣ ಸ್ಲ್ಯಾಬಿನ ಮೇಲ್ಭಾಗದಲ್ಲಿ ಇರಬೇಕು, ಚಾಚಿದ ಉದ್ದದ ಒಂದೂವರೆ ಪಟ್ಟು ಒಳಗೆ ಹೋಗಬೇಕು. ಕಾಂಕ್ರೀಟ್ ಹಾಕೋ ದಿನ ಕೂಲಿಯವರು ಆ ಕಬ್ಬಿಣ ತುಳಿದು ಕೆಳಗೆ ಇಳಿಸ್ತಾರೆ. ಕೆಳಗೆ ಚೇರ್ (ಕಬ್ಬಿಣ ಎತ್ತಿ ಹಿಡಿಯೋ ಬಾಗಿಸಿದ ಕಂಬಿ) ಕಟ್ಟಿಸಿ.

ಬೇವಿನ_ನೆರಳು
ನಡುವಿನ ಡೈನಿಂಗ್‌ಗೆ ಬೆಳಕು ಎಲ್ಲಿಂದ? ಉತ್ತರದ ಕಿಟಕಿ ಎದುರಿಗೆ 6 ಅಡಿ ದೂರದಲ್ಲಿ ನಾಳೆ ಪಕ್ಕದವರ ಗೋಡೆ ಬರುತ್ತೆ.

ದುರ್ಗದ_ಬಂಡೆ
ನಮ್ಮ ಕಡೆ ಹಳೇ ಮಾಳಿಗೆ ಮನೆಗಳಲ್ಲಿ ಅಕ್ಕಪಕ್ಕ ಗೋಡೆ ಹಂಚಿಕೊಂಡಿದ್ರೂ ನಡುಮನೆಗೆ ಬೆಳಕಿತ್ತು. ಮಣ್ಣಿನ ಮಾಳಿಗೆಯಲ್ಲಿ ಗವಾಕ್ಷಿ ಬಿಡ್ತಿದ್ರು, ಒಲೆ ಹೊಗೆಗೂ ಅದೇ ದಾರಿ. ಅದನ್ನೇ ಈಗ ಮೆಟ್ಟಿಲಿನ ಮೇಲೆ ಮಾಡಿ. ದೊಡ್ಡ ಗಾಜು ಹಾಕಿಸಿ, ಬೆಳಕು ಕೆಳಗಿನವರೆಗೆ ಬರುತ್ತೆ.

ಬೇವಿನ_ನೆರಳು
ಆಕಾಶಕ್ಕೆ ಮುಖ ಮಾಡಿದ ಗಾಜು ದಾವಣಗೆರೆ ಬೇಸಿಗೆಗೆ ಬೇಡವೇ ಬೇಡ, ಮಧ್ಯಾಹ್ನ ಮನೆ ಕಾಯಿಸುತ್ತೆ. ಮೆಟ್ಟಿಲು ತಾರಸಿ ಸೇರೋ ಕಡೆಯ ಹೆಡ್‌ರೂಮಿನ ಛಾವಣಿ ಕಾಂಕ್ರೀಟಿನದ್ದೇ ಇರಲಿ, ಅದನ್ನ 2 ಅಡಿ ಜಾಸ್ತಿ ಎತ್ತರಿಸಿ ಉತ್ತರಕ್ಕೆ ನಿಂತ ಗಾಜು ಇಡಿ, ಅದರ ಮೇಲೆ ಸೊಳ್ಳೆ ಜಾಲರಿ ಹಾಕಿದ ಲೂವರ್ (ಗಾಳಿ ಆಡೋ ಓರೆ ಪಟ್ಟಿಗಳು). ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತೆ, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಎಳೆಯುತ್ತೆ. ಮೆಟ್ಟಿಲಿಗೆ ಗೋಡೆಯಂಥ ತಡೆ ಬೇಡ, ಕಂಬಿ ಕಟಾಂಜನ ಇರಲಿ, ಆಗಲೇ ಬೆಳಕು ಡೈನಿಂಗ್‌ಗೆ ಇಳಿಯೋದು.

ನೀಲಿನಕ್ಷೆ
ಒಂದು ಸೇರಿಸ್ತೀನಿ. ಉತ್ತರದ ಗಾಜಿಗೆ ಬಿಸಿಲು ಬರಲ್ಲ ಅಂದ್ಕೋಬೇಡಿ. ದಾವಣಗೆರೆ ಇರೋದು ಸುಮಾರು 14½ ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ವಾಲಿರ್ತಾನೆ. ಆ ಗಾಜಿಗೂ ಒಂದೂವರೆ ಅಡಿ ಸಜ್ಜೆ ಬೇಕು.

ಬೇವಿನ_ನೆರಳು
ಒಪ್ಪಿದೆ. ಇನ್ನು ಕಿಟಕಿ: ಒಣ ಸೆಕೆಯ ಊರುಗಳಲ್ಲಿ ರೂಮಿನ ನೆಲದ ಹತ್ತನೇ ಒಂದು ಭಾಗವಾದರೂ ತೆರೆದುಕೊಳ್ಳಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತೆ. ಮೂರು ಪಾಲಿನ ಸ್ಲೈಡಿಂಗ್ ಹಾಕಿದರೆ ತೆರೆಯೋ ಭಾಗ ಕಮ್ಮಿಯಾಗುತ್ತೆ, ಅದನ್ನ ಲೆಕ್ಕಕ್ಕೆ ಹಿಡೀರಿ. ಉತ್ತರದ ಗೋಡೆಯಲ್ಲಿ ಕಿಟಕಿ ನೆಲದಿಂದ 4½ ಅಡಿ ಮೇಲೆ ಶುರುವಾಗಲಿ, ಅದರ ಕೆಳಗೆ ಸೋಫಾ ಕೂರುತ್ತೆ, ಪಕ್ಕದ ಮನೆಯವರ ಮುಖ ನೋಡೋದೂ ತಪ್ಪುತ್ತೆ.

ಭದ್ರಾ_ನಾಲೆ
ನೀರಿನ ಮಾತು ಯಾರೂ ಎತ್ತಿಲ್ಲ. ನಲ್ಲಿ ನೀರು ದಿನಾ ಬರಲ್ಲ, ಸಂಪು ಸಣ್ಣದಾಗಬಾರದು. ಪೋರ್ಚ್ ಕೆಳಗೆ 6×8, 5 ಅಡಿ ನೀರು ಅಂದ್ರೆ ಸುಮಾರು 6,800 ಲೀಟರ್. ಎರೆಯಲ್ಲಿ ಇಟ್ಟಿಗೆ ಸಂಪು ಕಟ್ಟಲೇಬೇಡಿ. ಮಣ್ಣು ಉಬ್ಬಿ ಪಕ್ಕದಿಂದ ತಳ್ಳುತ್ತೆ, ಸಂಪು ಖಾಲಿ ಇದ್ದಾಗ ಗೋಡೆ ಒಡೆಯುತ್ತೆ. 6 ಇಂಚಿನ ಆರ್‌ಸಿಸಿ ಗೋಡೆ, ಎರಡು ಪದರ ಕಬ್ಬಿಣ, ಸುತ್ತ ಮೊರಂ. ಸಂಪಿನ ತಳ ಕಾಲಂ ಫುಟಿಂಗ್ ತಳಕ್ಕಿಂತ ಮೇಲೇ ಇರಲಿ. ಮುಚ್ಚಳ ಎರಡು ಚಕ್ರದ ನಡುವೆ ಬರೋ ಹಾಗೆ ಇಡಿ.

ಮಳೆನೀರು ಬಿಡಬೇಡಿ. ಛಾವಣಿ 24×33 ಅಂದ್ರೆ 73 ಚದರ ಮೀಟರ್ ಮೇಲೆ. ವರ್ಷಕ್ಕೆ 600 ಮಿ.ಮೀ. ಮಳೆ ಹಿಡಿದು, ಐದರಲ್ಲಿ ಒಂದು ಪಾಲು ಪೋಲು ಅಂತ ಬಿಟ್ಟರೂ 35 ಸಾವಿರ ಲೀಟರ್ ಆಗುತ್ತೆ.

ಬೆಣ್ಣೆನಗರಿ
ಸಂಪು ತುಂಬಿ ಮಿಕ್ಕಿದ್ದನ್ನ ಹಿಂದಿನ 3 ಅಡಿಯಲ್ಲಿ ಇಂಗುಗುಂಡಿ ತೋಡಿ ಬಿಡಬಹುದಾ?

ಎರೆಹೊಲ
ಬೇಡ, ಬೇಡ! ಎರೆಯಲ್ಲಿ ನೀರು ಇಂಗೋದೂ ನಿಧಾನ, ಪಾಯದ ಪಕ್ಕ ಇಂಗಿಸಿದರೆ ಆ ಬದಿ ಮಾತ್ರ ಉಬ್ಬಿ ಮನೆ ಒಂದು ಕಡೆ ಎತ್ತುತ್ತೆ. ಬೋರ್‌ವೆಲ್ ಇದ್ದರೆ ಸೋಸಿ ಅದರ ಪಕ್ಕ ಬಿಡಿ. ಗುಂಡಿಯೇ ಬೇಕಂದ್ರೆ ರಸ್ತೆ ಕಡೆಯ ಮೂಲೆಯಲ್ಲಿ, ಎರೆ ದಾಟೋವರೆಗೆ ಸಿಮೆಂಟ್ ರಿಂಗ್ ಕೂಡಿಸಿ, ಸಂದಿ ಮುಚ್ಚಿ, ಕೆಳಗೆ ಮೊರಂನಲ್ಲಿ ಮಾತ್ರ ನೀರು ಬಿಡೋ ಹಾಗೆ ಮಾಡಿ. ಮನೆ ಸುತ್ತ ಬಿಟ್ಟ ಮೂರೂ ಅಡಿಗೆ ಏಪ್ರನ್ (ನೀರು ಇಂಗದ ಕಾಂಕ್ರೀಟ್ ನೆಲ) ಹಾಕಿಸಿ, ಹೊರಗಡೆಗೆ ಇಳಿಜಾರು. ತೊಂಡೆಬಳ್ಳಿ, ಕರಿಬೇವು ಅಂತ ಗೋಡೆ ಬುಡಕ್ಕೆ ದಿನಾ ನೀರು ಹಾಕೋದು ಬೇಡ, ಕುಂಡದಲ್ಲಿ ಬೆಳೆಸಿ. ದೊಡ್ಡ ಮರ ಮನೆಗೆ ಹತ್ತಿರ ಇದ್ದರೆ ಬೇಸಿಗೆಯಲ್ಲಿ ನೀರು ಹೀರಿ ಅದೂ ಮಣ್ಣು ಕುಗ್ಗಿಸುತ್ತೆ.

ಬೇವಿನ_ನೆರಳು
ಬೇವು ಹಾಕೋಣ ಅಂದ್ರೆ ಅದಕ್ಕೂ ಅಡ್ಡಿ. ರಸ್ತೆ ಅಂಚಿಗೆ ಹಾಕಬಹುದಲ್ಲ?

ಎರೆಹೊಲ
ಬೆಳೆದಾಗ ಎಷ್ಟು ಎತ್ತರ ಆಗುತ್ತೋ ಸುಮಾರು ಅಷ್ಟು ದೂರ ಇದ್ದರೆ ನಿಶ್ಚಿಂತೆ. ಮುಂದೆ ಇರೋದು 4 ಅಡಿ, ಬೇವಿಗೆ ಅದು ಸಾಲದು. ದಾಸವಾಳ, ಪಾರಿಜಾತ ಹಾಕಿ.

ಶಾಮನೂರು_ಸೈಟು
ಗೆರೆ ಎಳೆದು ನೋಡಿದೆ, ಹಾಲ್-ಡೈನಿಂಗ್ 12×21 ನಿಜಕ್ಕೂ ಕೂರುತ್ತೆ. ಎರಡು ಪ್ರಶ್ನೆ. ಹಾಲ್ ಮೇಲೆ ಅಡ್ಡ ಬೀಮುಗಳು ಕಾಣುತ್ತವಲ್ಲ, ಫಾಲ್ಸ್ ಸೀಲಿಂಗ್ ಹಾಕಬೇಕಾ? ಮುಂದೆ 4 ಅಡಿಯಲ್ಲಿ ಕಾರಿನ ಮೂತಿ ಇದ್ದರೆ ಗೇಟು ತೆಗೆಯೋದು ಹೇಗೆ?

ತೂಕದಗುಂಡು
ಬೀಮು ಎರಡು ಬರುತ್ತೆ, ಪೋರ್ಚಿನ ಹಿಂದಿನ ಸಾಲಿಗೆ ಒಂದು, ಮೆಟ್ಟಿಲಿನ ಹಿಂದಿನ ಸಾಲಿಗೆ ಒಂದು. 9×15 ಬೀಮು, 5 ಇಂಚು ಸ್ಲ್ಯಾಬು ಅಂದ್ರೆ ಕೆಳಗೆ 10 ಇಂಚು ಇಳಿಯುತ್ತೆ. ಅದನ್ನ ಮುಚ್ಚೋಕೆ ಇಡೀ ಹಾಲ್‌ಗೆ ಫಾಲ್ಸ್ ಸೀಲಿಂಗ್ ಹಾಕಿದರೆ 10 ಅಡಿ ಎತ್ತರ 9ಕ್ಕೆ ಬಂದು ಅಗಲ ಅನ್ನಿಸೋದೇ ಹೋಗುತ್ತೆ. ಬೀಮನ್ನ ಬೀಮಾಗಿಯೇ ಬಿಡಿ. ಮೊದಲನೆಯದರ ಕೆಳಗೆ ಹಾಲ್ ಮುಗಿದು ಡೈನಿಂಗ್ ಶುರುವಾಗಲಿ. ಸೀಲಿಂಗೂ ಬೀಮೂ ಒಂದೇ ಬಿಳಿ ಬಣ್ಣ ಇರಲಿ.

ನೀಲಿನಕ್ಷೆ
ಗೇಟು ಸ್ಲೈಡಿಂಗ್. ಒಳಗೆ ತೆರೆದರೆ ಕಾರಿಗೆ ಬಡಿಯುತ್ತೆ, ಹೊರಗೆ ರಸ್ತೆಗೆ ತೆರೆಯೋ ಹಾಗಿಲ್ಲ. ಕಾಂಪೌಂಡ್ 30 ಅಡಿ, ದಕ್ಷಿಣಕ್ಕೆ 10 ಅಡಿ ಬಾಯಿ, ಗೇಟು ಸರಿಯೋಕೆ ಉತ್ತರಕ್ಕೆ ಇನ್ನೊಂದು 10 ಅಡಿ ಗೋಡೆ, ಉಳಿದದ್ದರಲ್ಲಿ ಜನ ಓಡಾಡೋ 3½ ಅಡಿ ಚಿಕ್ಕ ಗೇಟು. ಚಿಕ್ಕ ಗೇಟಿನಿಂದ ಮುಂಬಾಗಿಲಿಗೆ ಕಾರು ಸುತ್ತದೆ ಹೋಗೋ ಹಾಗಿರಲಿ. ಹಳಿಯ ತಗ್ಗಿನಲ್ಲಿ ಮಣ್ಣು ತುಂಬಿ ಗೇಟು ಸಿಕ್ಕಿಹಾಕಿಕೊಳ್ಳುತ್ತೆ, ಅದಕ್ಕೆ ಹಳಿ ನೆಲಕ್ಕಿಂತ ಅರ್ಧ ಇಂಚು ಮೇಲೆ ಇರಲಿ. ರ‍್ಯಾಂಪು ಸೈಟಿನೊಳಗೇ ಮುಗಿಯಬೇಕು, ಚರಂಡಿ ಮೇಲೆ ಕಾಂಕ್ರೀಟು ಹಾಕಿ ಮುಚ್ಚಬೇಡಿ.

ಎರೆಹೊಲ
ಪ್ಲಿಂತ್ ಅಳೆಯೋದು ಇವತ್ತಿನ ರಸ್ತೆ ಅಂಚಿನಿಂದಲ್ಲ, ರಸ್ತೆಯ ನಡುಮಧ್ಯದಿಂದ. ಡಾಂಬರು ಮೇಲೆ ಡಾಂಬರು ಬಿದ್ದು ರಸ್ತೆ ಏರ್ತಾ ಹೋಗುತ್ತೆ, 2 ಅಡಿಗೆ ಕಮ್ಮಿ ಮಾಡಬೇಡಿ. ಗುಂಡಿ ತೋಡಿಸಿದ ಮೇಲೆ ಎಷ್ಟು ಅಡಿಗೆ ಮೊರಂ ಬಂತು ಅಂತ ಇಲ್ಲೇ ಹಾಕಿ. ಪಾಯ ತೋಡೋ ಕೆಲಸ ಮಳೆ ಹಿಡಿಯೋ ಮುಂಚೆ ಮುಗಿಯಲಿ, ನೀರು ನಿಂತ ಎರೆ ಗುಂಡಿಯ ಬದಿ ಕುಸಿಯುತ್ತೆ.